ಸೆರಗು ಅಡ್ಡ ಹಿಡಿದ ಅಮ್ಮನಿಗೆ

ನವೆಂಬರ್ 2, ಮೃತರ ಸ್ಮರಣೆಯ ದಿನ. ಅಪ್ಪನ ಸಮಾಧಿಯ ಬಳಿ ಗಾಳಿಗೆ ಮೇಣದಬತ್ತಿ ಹತ್ತದೆ ಪರದಾಡುತ್ತಿದ್ದ ನನಗೆ ಸೆರಗು ಅಡ್ಡ ಹಿಡಿದು ನೆರವಾದಿರಿ. (ಕಡ್ಡಿಪೆಟ್ಟಿಗೆಯೂ ನಿಮ್ಮದೇ, ಮರೆತು ಜೇಬಿಗೆ ಹಾಕಿಕೊಂಡು ಬಂದೆ.) ಒಡಹುಟ್ಟಿದವರು ಯಾರೂ ಬಂದಿಲ್ಲವೇ ಎಂದಿರಿ. ಜಾಗದ ತಕರಾರು, ಅಣ್ಣನೊಂದಿಗೆ ಆರು ವರ್ಷಗಳಿಂದ ಮಾತಿಲ್ಲ ಎಂದೆ. ನೀವು ಉಪದೇಶ ಮಾಡಲಿಲ್ಲ. 'ಅಣ್ಣನಿಗೆ ವಯಸ್ಸೆಷ್ಟು?' ಎಂದಷ್ಟೇ ಕೇಳಿದಿರಿ.

ಅರವತ್ತೆಂಟು. ಮನುಷ್ಯನ ಆಯುಷ್ಯ ಎಪ್ಪತ್ತು, ಬಲವಿದ್ದರೆ ಎಂಬತ್ತು ಎನ್ನುವ ಬೈಬಲಿನ 90ನೆಯ ಕೀರ್ತನೆಯನ್ನು ಬಾಲ್ಯದಿಂದ ಕೇಳಿದ್ದೇನೆ. ದಿನಗಳನ್ನು ಎಣಿಸಲು ಕಲಿಸೆಂಬ ಬೇಡಿಕೆಯೂ ಅದರಲ್ಲೇ ಇದೆ. ಲೆಕ್ಕ ಮಾತ್ರ ಅಂದೇ ಹಾಕಿದ್ದು.

ಗೇಟು ದಾಟುವ ಮುನ್ನವೇ ಫೋನು ಮಾಡಿದೆ. ಜಾಗದ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಆದರೆ ಕಳೆದ ಭಾನುವಾರ ಚರ್ಚಿನಲ್ಲಿ ಬಲಿಪೂಜೆಗೆ ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತೆವು. ನಿಮ್ಮ ಹೆಸರು ಕೇಳಲಿಲ್ಲ, ಕ್ಷಮಿಸಿ. ಧನ್ಯವಾದಗಳು ಅಮ್ಮ. ಕಡ್ಡಿಪೆಟ್ಟಿಗೆಯನ್ನು ಮುಂದಿನ ನವೆಂಬರಿನಲ್ಲಿ ತರುತ್ತೇನೆ.