ಆ ಹಡಗುಗಳಲ್ಲಿ ನಮ್ಮ ಘಟ್ಟದ ಮರವೂ ಇತ್ತು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಎರಡು ವಾರದ ಹಿಂದೆ ನಿಮ್ಮ ಸಿನಿಮಾ ಪುಟದಲ್ಲಿ ಹಾಯಿಹಡಗಿನ ಕಾಲದ ಸಾಹಸ ಚಿತ್ರಗಳ ಬಗ್ಗೆ ಒಂದು ಲೇಖನ ಬಂದಿತ್ತು. ಬರೆದವರು ಶ್ರದ್ಧೆಯಿಂದ ಬರೆದಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೊನೆಯಲ್ಲಿ, ಇವೆಲ್ಲ ಇಂಗ್ಲಿಷರ, ಫ್ರೆಂಚರ ಕಥೆ, ನಮ್ಮ ಒಳನಾಡಿನ ಜನಕ್ಕೆ ಇವುಗಳಲ್ಲಿ ಫಿರಂಗಿ ಹೊಗೆ ಬಿಟ್ಟರೆ ಬೇರೇನೂ ಸಿಗದು ಎಂದಿದ್ದರು. ಅದನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ. ಅದಕ್ಕೇ ಈ ಪತ್ರ. ಉದ್ದವಾಗಿದೆ, ಕತ್ತರಿಸದೆ ಹಾಕಿದರೆ ಉಪಕಾರ.

ನಾನು ಸಾಗರ ತಾಲ್ಲೂಕಿನವನು, ವಯಸ್ಸು 68. ಮೂವತ್ತಮೂರು ವರ್ಷ ನಾಟಾ ಡಿಪೋದಲ್ಲಿ ಮರ ಅಳೆದು ನಿವೃತ್ತನಾದವನು. ದಿಮ್ಮಿಯ ಸುತ್ತಳತೆ, ಉದ್ದ ಹಿಡಿಯುವುದು, ಪೊಳ್ಳು ಇದೆಯೋ ಬಿರುಕು ಇದೆಯೋ ನೋಡುವುದು, ಮುದ್ರೆ ಹೊಡೆಸಿ ಲಾಟಿಗೆ ಹಾಕುವುದು ನನ್ನ ಕೆಲಸ. ಅಪ್ಪ ಗರಗಸದವರು. ಗುಂಡಿಯ ಮೇಲೆ ದಿಮ್ಮಿ ಅಡ್ಡ ಇಟ್ಟು, ಒಬ್ಬರು ಮೇಲೆ ಒಬ್ಬರು ಕೆಳಗೆ ನಿಂತು ಎಳೆಯುವ ಉದ್ದ ಗರಗಸ. ಕೆಳಗೆ ನಿಂತವರ ಕಣ್ಣು, ಮೂಗು, ತಲೆಯ ತುಂಬ ಹೊಟ್ಟು. ಅಪ್ಪ ಹೆಚ್ಚಾಗಿ ಕೆಳಗೇ ನಿಲ್ಲುತ್ತಿದ್ದರು. ಸಮುದ್ರವನ್ನು ನಾನು ಮೊದಲು ನೋಡಿದ್ದು ಮದುವೆಯಾದ ಮೇಲೆ, ಹೊನ್ನಾವರದಲ್ಲಿ. ಅಲ್ಲಿಯವರೆಗೆ ನನಗೆ ಗೊತ್ತಿದ್ದ ಹಡಗು ಎಂದರೆ ಹೊಳೆಬಾಗಿಲಿನ ಲಾಂಚು.

ಕಳೆದ ಆಷಾಢದಲ್ಲಿ, ಹೊರಗೆ ಕಾಲಿಡಲಾಗದ ಮಳೆ ಇದ್ದಾಗ, ಮೊಮ್ಮಗ ತನ್ನ ಲ್ಯಾಪ್‌ಟಾಪಿನಲ್ಲಿ ‘ಮಾಸ್ಟರ್ ಆ್ಯಂಡ್ ಕಮಾಂಡರ್’ ಹಾಕಿ ತೋರಿಸಿದ. 2003ರ ಚಿತ್ರ, ಪೀಟರ್ ವಿಯರ್ ನಿರ್ದೇಶನ. 1805ರಲ್ಲಿ ಒಂದು ಇಂಗ್ಲಿಷ್ ಯುದ್ಧನೌಕೆ ತನಗಿಂತ ದೊಡ್ಡದಾದ ಫ್ರೆಂಚ್ ಹಡಗನ್ನು ದಕ್ಷಿಣ ಅಮೆರಿಕದ ತುದಿ ಬಳಸಿ ಬೆನ್ನಟ್ಟುವ ಕಥೆ. ಕರೆಂಟು ಎರಡು ಸಲ ಹೋಯಿತು. ನನಗೆ ಅರ್ಥವಾಗದ ಮಾತುಗಳನ್ನು ಹುಡುಗ ಕನ್ನಡದಲ್ಲಿ ಹೇಳುತ್ತಾ ಹೋದ.

ಶುರುವಿನಲ್ಲೇ ಪರದೆಯ ಮೇಲೆ ಬರುತ್ತದೆ, ಹಡಗಿನಲ್ಲಿ 28 ಫಿರಂಗಿ, 197 ಜೀವ ಎಂದು. ಒಂದು ಮರದ ಡಬ್ಬಿಯೊಳಗೆ ಇಷ್ಟು ಜನ! ಮೊದಲ ಗುಂಡಿನ ದಾಳಿ ಆದ ಮೇಲೆ ಹಡಗಿನ ಮೈ ತೂತು ಬಿದ್ದು ಒಳಗೆ ನೀರು ನುಗ್ಗುತ್ತದೆ. ಹತ್ತಿರದಲ್ಲಿ ಬಂದರಿಲ್ಲ. ಆಗ ನಾಯಕನಿಗಿಂತ ಮುಖ್ಯನಾಗುವವನು ಬಡಗಿ. ಅವನೂ ಅವನ ಕೈಕೆಳಗಿನವರೂ ಹಡಗಿನಲ್ಲೇ ಇರುವ ಮರ, ಹಗ್ಗ, ರಾಳ ಬಳಸಿ, ತೇಲುತ್ತಿರುವಾಗಲೇ ಅದನ್ನು ಮತ್ತೆ ಕಟ್ಟುತ್ತಾರೆ. ಅಲೆ ಬಂದು ಮುಖಕ್ಕೆ ಬಡಿಯುತ್ತಿದ್ದರೂ ಹೊರಮೈಗೆ ನೇತಾಡಿಕೊಂಡು ಕೆಲಸ ಮಾಡುತ್ತಾರೆ. ಆ ದೃಶ್ಯವನ್ನು ನಾನು ಮೂರು ಸಲ ಹಿಂದಕ್ಕೆ ಹಾಕಿಸಿ ನೋಡಿದೆ. “ಅಜ್ಜಯ್ಯ, ಯುದ್ಧ ಇನ್ನೂ ಮುಂದಿದೆ” ಎಂದ ಹುಡುಗ. ನನಗೆ ಯುದ್ಧ ಬೇಕಿರಲಿಲ್ಲ.

ಇಬ್ಬರು ಸಾಮಾನ್ಯ ನಾವಿಕರು ಶತ್ರು ಹಡಗಿನ ಸಣ್ಣ ಮರದ ಮಾದರಿಯೊಂದನ್ನು ನಾಯಕನ ಮುಂದೆ ತಂದಿಡುತ್ತಾರೆ. ಅದು ಹೇಗೆ ಕಟ್ಟಿದ ಹಡಗು, ಅದರ ಗೋಡೆ ಎಷ್ಟು ದಪ್ಪ ಎಂಬುದು ಅದರಲ್ಲಿ ಕಾಣುತ್ತದೆ. ತಮ್ಮ ಗುಂಡು ಅದಕ್ಕೆ ಯಾಕೆ ನಾಟಲಿಲ್ಲ ಎಂದು ನಾಯಕನಿಗೆ ಹೊಳೆಯುವುದು ಆಗಲೇ. ಮರದ ದಪ್ಪ ನೋಡಿ ಬಲ ಅಳೆಯುವುದು ನಾನು ಜೀವಮಾನವೆಲ್ಲ ಮಾಡಿದ ಕೆಲಸ. ಅದಕ್ಕೆ ಇಂಥ ಮರ್ಯಾದೆ ಸಿಕ್ಕಿದ್ದನ್ನು ಬೇರೆ ಯಾವ ಸಿನಿಮಾದಲ್ಲೂ ನಾನು ಕಂಡಿರಲಿಲ್ಲ.

ಮುಂದೆ ದಕ್ಷಿಣ ಅಮೆರಿಕದ ಆ ತುದಿ, ಕೇಪ್ ಹಾರ್ನ್ ಬಳಿ ಬಿರುಗಾಳಿ. ಹಾಯಿ ಕಟ್ಟುವ ಹಿಂದಿನ ಕಂಬದ, ಅಂದರೆ ಕೂವೆಮರದ, ಮೇಲ್ತುಂಡು ಲಟಲಟನೆ ಮುರಿದು ನೀರಿಗೆ ಬೀಳುತ್ತದೆ, ಮೇಲೆ ಹತ್ತಿದ್ದವನೂ ಅದರ ಜೊತೆಗೇ ಬೀಳುತ್ತಾನೆ. ಹಗ್ಗಗಳು ಮಾತ್ರ ಹಡಗಿಗೆ ಬಿಗಿದುಕೊಂಡೇ ಇವೆ. ಬಿದ್ದ ಮರ ಹಡಗನ್ನು ಹಿಂದಕ್ಕೆ ಜಗ್ಗುತ್ತಿದೆ, ಅವನು ಅದೇ ಮರದ ಆಸರೆಗೆ ಈಜುತ್ತಿದ್ದಾನೆ. ಹಗ್ಗ ಕಡಿದರೆ ಅವನು ಹೋದ, ಕಡಿಯದಿದ್ದರೆ ಎಲ್ಲರೂ ಹೋದರು. ಮಾದರಿ ತಂದಿದ್ದ ಇಬ್ಬರು ಗೆಳೆಯರಲ್ಲಿ ಒಬ್ಬ ನೀರಿನಲ್ಲಿದ್ದಾನೆ, ಇನ್ನೊಬ್ಬನ ಕೈಯಲ್ಲಿ ಕೊಡಲಿ. ನಮ್ಮ ಕಾಡಿನಲ್ಲಿ ದೊಡ್ಡ ಮರ ಕೆಡವುವ ಮೊದಲು ಅದಕ್ಕೆ ಸುತ್ತಿದ ಬಳ್ಳಿಗಳನ್ನೆಲ್ಲ ಕಡಿಸುತ್ತಿದ್ದರು. ಒಂದು ಬಳ್ಳಿ ಉಳಿದರೂ ಬೀಳುವ ಮರ ಪಕ್ಕದ ಮರವನ್ನು ಎಳೆದುಕೊಳ್ಳುತ್ತದೆ, ಇಲ್ಲವೇ ತಾನೇ ತಿರುಗಿ ಕೆಡವುವವನ ಮೇಲೆ ಬರುತ್ತದೆ. ಹಾಗೆ ಆದದ್ದನ್ನು ಅಪ್ಪ ಕಣ್ಣಾರೆ ಕಂಡಿದ್ದರು, ಅದರ ಬಗ್ಗೆ ಹೆಚ್ಚು ಮಾತಾಡುತ್ತಿರಲಿಲ್ಲ. ಆ ಕೊಡಲಿ ಏಟುಗಳನ್ನು ಕೇಳುವಾಗ ನನಗೆ ಅಪ್ಪನೇ ಕಣ್ಣ ಮುಂದೆ ಬಂದರು.

ಆ ಚಿತ್ರಕ್ಕೆ ಛಾಯಾಗ್ರಹಣಕ್ಕೂ ಧ್ವನಿ ಸಂಕಲನಕ್ಕೂ ಆಸ್ಕರ್ ಬಂದಿದೆ. ಧ್ವನಿಗೆ ಯಾಕೆ ಬಂತು ಎಂದು ನನ್ನಂಥವರು ಹೇಳಬಲ್ಲೆವು. ಹಡಗು ಅಲೆ ಹತ್ತಿ ಇಳಿಯುವಾಗ ಮರ ಮರಕ್ಕೆ ಉಜ್ಜಿ ನರಳುವ ಸದ್ದು ಒಂದು ಕ್ಷಣವೂ ನಿಲ್ಲುವುದಿಲ್ಲ. ಹಡಗೂ ನಿಜವಾದ ಮರದ್ದೇ. ಹದಿನೆಂಟನೇ ಶತಮಾನದ ‘ರೋಸ್’ ಎಂಬ ನೌಕೆಯ ಮಾದರಿಯಲ್ಲಿ 1970ರಲ್ಲಿ ಕೆನಡಾದ ಲೂನೆನ್‌ಬರ್ಗ್‌ನಲ್ಲಿ ಕಟ್ಟಿದ್ದು. ಈಗ ಅಮೆರಿಕದ ಸ್ಯಾನ್ ಡಿಯಾಗೊ ವಸ್ತುಸಂಗ್ರಹಾಲಯದಲ್ಲಿ ಸಿನಿಮಾದಲ್ಲಿ ಪಡೆದ ‘ಸರ್‌ಪ್ರೈಸ್’ ಹೆಸರಿನಲ್ಲೇ ಇದೆ. ಅದೇ ಲೂನೆನ್‌ಬರ್ಗ್‌ನಲ್ಲಿ ಹತ್ತು ವರ್ಷ ಮೊದಲು ಇನ್ನೊಂದು ಹಡಗು ಕಟ್ಟಿದ್ದರು, ‘ಮ್ಯೂಟಿನಿ ಆನ್ ದ ಬೌಂಟಿ’ಯ 1962ರ ಚಿತ್ರಕ್ಕಾಗಿ. ಸಿನಿಮಾ ಮುಗಿದ ಮೇಲೂ ಅದು ಐವತ್ತು ವರ್ಷ ತೇಲಿತು. 2012ರ ಅಕ್ಟೋಬರಿನಲ್ಲಿ ಸ್ಯಾಂಡಿ ಚಂಡಮಾರುತಕ್ಕೆ ಸಿಕ್ಕಿ ಮುಳುಗಿತು. ಅದರ ಕಪ್ತಾನರೂ ಒಬ್ಬ ಸಿಬ್ಬಂದಿಯೂ ತೀರಿಕೊಂಡರು.

ಬೌಂಟಿಯ ಕಥೆ ಹೇಳುವವರೆಲ್ಲ ಬಂಡಾಯ ಹೇಳುತ್ತಾರೆ. 1787ರಲ್ಲಿ ನಿಜವಾದ ಬೌಂಟಿ ಹಡಗು ಇಂಗ್ಲೆಂಡಿನಿಂದ ಹೊರಟದ್ದು ಯಾತಕ್ಕೆ ಗೊತ್ತೇ? ಜೀಗುಜ್ಜೆ ಸಸಿ ತರಲಿಕ್ಕೆ. ನಮ್ಮ ಹಿತ್ತಲಲ್ಲಿ ಇದೆಯಲ್ಲ, ಅದೇ ಜೀಗುಜ್ಜೆ! ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಲ್ಲಿ ದುಡಿಯುತ್ತಿದ್ದ ಗುಲಾಮರಿಗೆ ಅಗ್ಗದ ಊಟವಾಗಲಿ ಎಂದು ತಾಹಿತಿಯಿಂದ ಸಾವಿರಕ್ಕೂ ಮೇಲೆ ಸಸಿ ತುಂಬಿಕೊಂಡಿದ್ದರು. 1789ರ ಏಪ್ರಿಲಿನಲ್ಲಿ ಬಂಡಾಯವೆದ್ದವರು ನಾಯಕ ಬ್ಲೈಯನ್ನೂ ಅವನ ಕಡೆಯ 18 ಜನರನ್ನೂ ತೆರೆದ ದೋಣಿಯಲ್ಲಿ ಬಿಟ್ಟು, ಸಸಿಗಳನ್ನು ಸಮುದ್ರಕ್ಕೆ ಎಸೆದರು. ಇದನ್ನು ಕೇಳಿದ ಮೇಲೆ ನನ್ನ ಹೆಂಡತಿ, ತಾನು ಮಾಡುವ ಪಲ್ಯಕ್ಕೆ ಇಂಥ ಚರಿತ್ರೆ ಇದೆಯೇ ಎಂದು ಬಹಳ ಹೊತ್ತು ಸುಮ್ಮನೆ ಕೂತಳು.

ಈಗ ಮರದ ವಿಷಯ. ನಾನು ಪತ್ರ ಬರೆಯಲು ಕೂತದ್ದೇ ಇದಕ್ಕೆ. ಇಂಗ್ಲೆಂಡಿನ ಹಡಗುಗಳು ಓಕ್ ಮರದವು. ಇಂಗ್ಲಿಷ್ ನೌಕಾಪತಿ ನೆಲ್ಸನ್ನನ ‘ವಿಕ್ಟರಿ’ ಹಡಗಿಗೆ ಸುಮಾರು 6,000 ಮರ ಬಿದ್ದವು, ಬಹುಪಾಲು ಓಕ್. ಓಕ್ ಗಟ್ಟಿ ಹೌದು, ಆದರೆ ಅದರಲ್ಲಿರುವ ಹುಳಿಯಂಶ ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ. ಸಾಗುವಾನಿಯಲ್ಲಿ ಎಣ್ಣೆಯಂಶವಿದೆ. ಮೊಳೆ ತುಕ್ಕು ಹಿಡಿಯುವುದು ಕಡಿಮೆ, ಗೆದ್ದಲು ಮುಟ್ಟುವುದಿಲ್ಲ, ಒಮ್ಮೆ ಒಣಗಿದರೆ ಮತ್ತೆ ಸೊಟ್ಟ ತಿರುಗುವುದಿಲ್ಲ. ಹೊರಗಿನ ಬಿಳಿ ತೆಗೆದು ಬರೀ ಕೆಚ್ಚು ಉಳಿಸಿದ ಸಾಗುವಾನಿ ಹಲಗೆ ಎಷ್ಟು ಬಾಳುತ್ತದೆ ಎಂದು ನಮ್ಮ ಹಳೆಯ ಮನೆಗಳ ಬಾಗಿಲು ನೋಡಿದರೆ ಸಾಕು. ಇದು ತಿಳಿದೇ ಇಂಗ್ಲಿಷರು ಬೊಂಬಾಯಿಯಲ್ಲಿ, ವಾಡಿಯಾ ಮನೆತನದ ಪಾರ್ಸಿ ಬಡಗಿಗಳ ಕೈಯಲ್ಲಿ, ಪಶ್ಚಿಮ ಘಟ್ಟದ ಸಾಗುವಾನಿಯಿಂದ ಯುದ್ಧನೌಕೆ ಕಟ್ಟಿಸಿದರು. ಕೂವೆಮರಕ್ಕೆ ಘಟ್ಟದ ದಟ್ಟ ಕಾಡಿನಲ್ಲಿ ನೆಟ್ಟಗೆ ಬೆಳೆಯುವ ಸುರಹೊನ್ನೆ ಜಾತಿಯ ಮರಗಳು ಹೋಗುತ್ತಿದ್ದವು. ಹಾಗೆ 1817ರಲ್ಲಿ ಬೊಂಬಾಯಿಯಲ್ಲಿ ನೀರಿಗಿಳಿದ ‘ಟ್ರಿಂಕೊಮಲಿ’ ಇನ್ನೂರು ವರ್ಷ ದಾಟಿ ಇವತ್ತೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ನೀರಿನ ಮೇಲಿದೆ. ಇಂಥ ಚಿತ್ರ ನೋಡುವಾಗ ಅದು ಪರದೇಶದ ಕಥೆ ಎಂದು ನಾನು ಹೇಗೆ ಅಂದುಕೊಳ್ಳಲಿ?

ಸಮುದ್ರಕ್ಕೂ ಮಲೆನಾಡಿಗೂ ಸಂಬಂಧವಿಲ್ಲ ಎನ್ನುವವರು ಇಕ್ಕೇರಿಗೆ ಒಮ್ಮೆ ಬರಬೇಕು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಗೋವಾದಿಂದ ಪೋರ್ಚುಗೀಸ್ ರಾಯಭಾರಿಯ ಜೊತೆ ಹಡಗಿನಲ್ಲಿ ಹೊನ್ನಾವರಕ್ಕೆ ಬಂದು, ದೋಣಿಯಲ್ಲಿ ಶರಾವತಿಯ ಮೇಲೆ ಗೇರುಸೊಪ್ಪೆಯವರೆಗೆ ಸಾಗಿ, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಯಲ್ಲಿ ಕೆಳದಿಯ ಅರಸ ವೆಂಕಟಪ್ಪನಾಯಕನನ್ನು ಕಂಡ. ದಾರಿಯಲ್ಲಿ ಹುಡುಗರು ಮರಳ ಮೇಲೆ ಬೆರಳಿನಿಂದ ಬರೆಯುತ್ತ ರಾಗವಾಗಿ ಲೆಕ್ಕ ಕಲಿಯುತ್ತಿದ್ದುದನ್ನೂ ಬರೆದಿಟ್ಟಿದ್ದಾನೆ. ಅದಕ್ಕೂ ಮೊದಲು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದೇ ಕರೆಯುತ್ತಿದ್ದರು. 1650ರ ದಶಕದಲ್ಲಿ ನಮ್ಮ ಶಿವಪ್ಪನಾಯಕ ಹೊನ್ನಾವರ, ಬಸರೂರು, ಗಂಗೊಳ್ಳಿಯ ಕೋಟೆಗಳನ್ನು ಅವರಿಂದ ಬಿಡಿಸಿಕೊಂಡ. 1665ರ ಫೆಬ್ರವರಿಯಲ್ಲಿ ಶಿವಾಜಿ ಸಮುದ್ರದ ಮೇಲೆ ಬಂದು ದಾಳಿ ಮಾಡಿದ್ದು ಅದೇ ಬಸರೂರಿನ ಮೇಲೆ. 1763ರಲ್ಲಿ ಕೆಳದಿ ಅರಸರ ರಾಜಧಾನಿ ಬಿದನೂರು ಹೈದರಾಲಿಯ ಕೈಗೆ ಬಂದಾಗ ಅದರ ಜೊತೆ ಬಂದರುಗಳೂ ಬಂದವು. ಅವನು ಹಡಗು ಕಟ್ಟಿಸಿದ. 1780ರ ಡಿಸೆಂಬರಿನಲ್ಲಿ ಇಂಗ್ಲಿಷ್ ನೌಕಾಪತಿ ಹ್ಯೂಸ್ ಮಂಗಳೂರಿನಲ್ಲಿ ಆ ಹಡಗುಗಳನ್ನು ನಾಶ ಮಾಡಿದ. ಮಲೆಯಾಳದವರು ತಮ್ಮ ಕಡಲ ಸೇನಾನಿ ಕುಂಞಾಲಿ ಮರಕ್ಕಾರನ ಕಥೆಯನ್ನು ಚಿತ್ರ ಮಾಡಿ 2021ರಲ್ಲಿ ತೆರೆಗೆ ತಂದರು. ನಮ್ಮಲ್ಲಿ ಸರಕು ಇದಕ್ಕಿಂತ ಕಡಿಮೆ ಇದೆಯೇ?

ಆದರೆ ಮಾಡುವವರು ಕತ್ತಿಯಿಂದ ಶುರು ಮಾಡಬಾರದು, ಇದು ನನ್ನ ಕಳಕಳಿಯ ಬೇಡಿಕೆ. ಕೆಲವು ವರ್ಷದ ಹಿಂದೆ ಒಂದು ಚಿತ್ರತಂಡ ನಮ್ಮ ಊರಿನ ಹಿನ್ನೀರಿನ ದಡಕ್ಕೆ ಬಂದಿತ್ತು. ರಾಜರ ಕಾಲದ ದೋಣಿ ಬೇಕು ಎಂದರು. ನಾನು ಸಂತೋಷದಿಂದ ಹೋಗಿ, ಹಳೆಯ ದೋಣಿಯ ಹಲಗೆ ಹೇಗೆ ಜೋಡಿಸುತ್ತಿದ್ದರು, ಸಂದಿಗೆ ನಾರು ತುರುಕಿ ರಾಳ ಹೇಗೆ ಸವರುತ್ತಿದ್ದರು ಎಂದು ಹೇಳಿದೆ. ಅವರು ಪ್ಲೈವುಡ್ಡಿಗೆ ಥರ್ಮಾಕೋಲ್ ಅಂಟಿಸಿ ಕಂದು ಬಣ್ಣ ಬಳಿದು, ನೀಲಿ ನೈಲಾನ್ ಹಗ್ಗ ಕಟ್ಟಿದರು. ಒಂದು ಮಳೆಗೆ ಅದು ಉಬ್ಬಿ ಬಿರಿಯಿತು. ಹಣ ಇಲ್ಲದಿದ್ದರೆ ಥರ್ಮಾಕೋಲ್ ಅನಿವಾರ್ಯ ಇರಬಹುದು, ಒಪ್ಪುತ್ತೇನೆ. ಎಪ್ಪತ್ತು ವರ್ಷ ಹುಟ್ಟು ಹಾಕಿದ ಅಂಬಿಗರೊಬ್ಬರು ಅಲ್ಲೇ ದಡದಲ್ಲಿ ಕೂತಿದ್ದರು. ಗಂಟು ಹೇಗೆ ಹಾಕುವುದು ಎಂದು ಅವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಅದು ಇವತ್ತಿಗೂ ನನ್ನ ಮನಸ್ಸಿನಲ್ಲಿ ಕೊರೆಯುತ್ತದೆ. ಆ ಹಿರಿಯರು ಈಗಿಲ್ಲ.

ಕನ್ನಡದಲ್ಲಿ ಒಂದು ಹಾಯಿಹಡಗಿನ ಚಿತ್ರ ಬರುವುದಾದರೆ ನಾನು ನೋಡಬಯಸುವುದು ಇದನ್ನು: ಘಟ್ಟದ ಮೇಲೆ ಮರ ಆರಿಸುವವರು, ಕಡಿಯುವವರು, ಆನೆಯೋ ಎತ್ತೋ ಕಟ್ಟಿ ಎಳೆಯುವವರು; ಹೊಳೆಯ ದಡದ ಗರಗಸದ ಗುಂಡಿ; ಹೇರೆತ್ತಿನ ಬೆನ್ನ ಮೇಲೆ ಇಳಿಯುವ ಮೆಣಸಿನ ಮೂಟೆ; ಹೊನ್ನಾವರದ ಅಳಿವೆಯಲ್ಲಿ ಬಾಚಿ ಹಿಡಿದು ಹಲಗೆ ಕೆತ್ತುವ ಆಚಾರಿ; ಮಳೆಗಾಲ ಕಳೆದು ಗಾಳಿ ತಿರುಗುವುದನ್ನು ಕಾಯುತ್ತ ಕೂತ ನಾವಿಕರು. ಫಿರಂಗಿ ಆಮೇಲೆ ಬರಲಿ.

ನಿಮ್ಮ ಪತ್ರಿಕೆಯಲ್ಲಿ ನನ್ನ ಕೋರಿಕೆ ಎರಡು. ಇಂಥ ಒಳ್ಳೆಯ ಚಿತ್ರಗಳಿಗೆ ಕನ್ನಡ ಅಡಿಬರಹ ಹಾಕಿಸಿ ಶಿವಮೊಗ್ಗದ ಕುವೆಂಪು ರಂಗಮಂದಿರದಂಥ ಕಡೆ ದೊಡ್ಡ ಪರದೆಯಲ್ಲಿ ತೋರಿಸಿ ಎಂದು ಸಂಬಂಧಪಟ್ಟವರಿಗೆ ನೀವು ಬರೆಯಬೇಕು. ಮೊಮ್ಮಗ ಇಲ್ಲದ ಮನೆಯ ಹಿರಿಯರೂ ನೋಡುವಂತಾಗಲಿ. ಇನ್ನೊಂದು, ನಿಮ್ಮ ಕರಾವಳಿಯ ವರದಿಗಾರರು ಹೊನ್ನಾವರ, ಗಂಗೊಳ್ಳಿ, ಬಸರೂರಿನ ಹಳೆಯ ನಾವಿಕರನ್ನೂ ದೋಣಿ ಕಟ್ಟುವ ಆಚಾರಿಗಳನ್ನೂ ಕಂಡು, ಹಡಗಿನ ಪ್ರತಿಯೊಂದು ಹಗ್ಗ, ಗಂಟು, ಹಲಗೆಗೆ ಅವರಲ್ಲಿ ಏನು ಹೆಸರಿದೆ ಎಂದು ಕೇಳಿ ಬರೆದುಕೊಳ್ಳಲಿ. ಮೊಮ್ಮಗ ಕೇಳಿದಾಗ ಹಾಯಿ, ಕೂವೆಮರ, ಚುಕ್ಕಾಣಿ, ಲಂಗರು, ಇಷ್ಟಕ್ಕೇ ನನ್ನ ಮಾತು ಮುಗಿದುಹೋಯಿತು.

ಅಪ್ಪನ ಗರಗಸ ನಮ್ಮ ಕೊಟ್ಟಿಗೆಯ ಅಟ್ಟದಲ್ಲಿ ಎಣ್ಣೆ ಸವರಿಕೊಂಡು ಇನ್ನೂ ಇದೆ. ಸಿನಿಮಾ ಮಾಡುವವರು ಯಾರಾದರೂ ಬಂದರೆ ದುಡ್ಡಿಲ್ಲದೆ ಕೊಡುತ್ತೇನೆ, ಎಳೆಯುವುದು ಹೇಗೆಂದೂ ತೋರಿಸುತ್ತೇನೆ. ಗುಂಡಿಯ ಕೆಳಗೆ ನಾನೇ ನಿಲ್ಲುತ್ತೇನೆ. ಮೇಲೆ ನಿಲ್ಲಲು ಒಬ್ಬರನ್ನು ಕರೆದುಕೊಂಡು ಬರಲಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ನಾಟಾ ಡಿಪೋ ನೌಕರ
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ