ಮೆಣಸಿನ ಗಿಡಕ್ಕೊಂದು ಪ್ಲಾಸ್ಟಿಕ್ ಚಪ್ಪರ

ಎಡಿಸನ್, ನ್ಯೂಜೆರ್ಸಿ

ಚಿ. ಪುಟ್ಟನಿಗೆ ಅತ್ತೆಯ ಆಶೀರ್ವಾದಗಳು.

ನೀನು ಕಳಿಸಿದ ಫೋಟೋ ನೋಡಿ ಹೊಟ್ಟೆ ಉರಿಯಿತು. ಗಿಡದ ತುಂಬ ಕಾಯಿ, ಇನ್ನೇನು ಕೆಂಪಾಗಬೇಕು, ಒಂದೇ ರಾತ್ರಿಯ ಹಿಮಕ್ಕೆ ಎಲ್ಲ ಬೇಯಿಸಿದ ಸೊಪ್ಪಿನ ಹಾಗೆ ಜೋತುಬಿದ್ದಿವೆ. ಪಿಟ್ಸ್‌ಬರ್ಗ್‌ನಲ್ಲಿ ಅಕ್ಟೋಬರ್ ಅಂದ್ರೆ ಹಾಗೇನೇ. ಪಾಪ, ಬ್ಯಾಡಗಿ ಗಿಡಕ್ಕೆ ಅದೆಲ್ಲ ಎಲ್ಲಿ ಗೊತ್ತು? ಹಾವೇರಿ ಕಡೆ ಮುಂಗಾರಿನಲ್ಲಿ ನೆಟ್ಟರೆ ಜನವರಿಯಲ್ಲೂ ಕೆಂಪು ಕಾಯಿ ಬಿಡಿಸುತ್ತಾರೆ. ಅದು ಅದೇ ನಿಧಾನದಲ್ಲಿ ಕೂತಿರುತ್ತದೆ.

ಮುಂದಿನ ವರ್ಷ ಒಂದು ಚಪ್ಪರ ಮಾಡಿಕೋ. ರೆಡಿಮೇಡ್ ಗ್ರೀನ್‌ಹೌಸ್‌ಗೆ ದುಡ್ಡು ಸುರಿಯಬೇಡ. ನಾಲ್ಕಡಿ ಅಗಲ, ಎಂಟಡಿ ಉದ್ದದ ಮಡಿ ಸಾಕು. ಎರಡೂ ಬದಿಗೆ ಕಬ್ಬಿಣದ ಕಂಬಿ ಹೊಡೆದು, ಹತ್ತಡಿಯ ಪಿವಿಸಿ ಪೈಪನ್ನು ಕಮಾನಿನ ಹಾಗೆ ಬಗ್ಗಿಸಿ ಅದಕ್ಕೆ ತೂರಿಸು. ಅಂಥ ನಾಲ್ಕು ಕಮಾನು. ನೆತ್ತಿಯ ಮೇಲೆ ಉದ್ದಕ್ಕೊಂದು ಪೈಪ್ ಕಟ್ಟು, ಇಲ್ಲದಿದ್ದರೆ ಗಾಳಿಗೆ ಓಲಾಡುತ್ತದೆ. ಕಮಾನಿನ ಮೇಲೆ ಹೊದಿಸೋಕೆ, ಪೇಂಟ್ ಹೊಡೆಯುವಾಗ ನೆಲಕ್ಕೆ ಹಾಸುತ್ತಾರಲ್ಲ, ಆ ಶೀಟ್ ಬೇಡ, ಒಂದೇ ಬೇಸಿಗೆಗೆ ಪುಡಿಪುಡಿ. ಗ್ರೀನ್‌ಹೌಸ್‌ಗೆಂದೇ ಬರುವ 6 ಮಿಲ್ (ಅಂದ್ರೆ ಇಂಚಿನ ಸಾವಿರದಲ್ಲಿ ಆರು ಪಾಲು ದಪ್ಪ) ಶೀಟ್ ತಗೋ.

ಕಟ್ಟುವುದು ಒಂದು ಭಾನುವಾರದ ಕೆಲಸ. ದಿನಾ ತೆಗೆದು ಮುಚ್ಚುವುದಿದೆಯಲ್ಲ, ಅಲ್ಲೇ ಕಷ್ಟ ಇರೋದು.

ನಾನು ಮೊದಲ ವರ್ಷ ಚಳಿಗೇ ಹೆದರಿಕೊಂಡು ಎಲ್ಲ ಕಡೆ ಇಟ್ಟಿಗೆ ಹೇರಿ ಬಿಗಿಯಾಗಿ ಮುಚ್ಚಿದ್ದೆ. ನವರಾತ್ರಿಯಲ್ಲಿ ಒಂದು ದಿನ ಯಾರದೋ ಮನೆಗೆ ಗೊಂಬೆ ನೋಡೋಕೆ ಹೋದೆ. ಹೊರಗೆ ತಣ್ಣಗೆ ಗಾಳಿ, ಆದರೆ ಒಳ್ಳೆ ಬಿಸಿಲು. ಸಂಜೆ ಬಂದು ಶೀಟ್ ಎತ್ತಿದರೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಮುಖಕ್ಕೆ ಆವಿ ಹೊಡೆಯಿತು. ಹೂವೆಲ್ಲ ನೆಲದ ಮೇಲೆ. ಚಳಿಗೆ ಉಳಿದಿದ್ದ ಗಿಡವನ್ನು ನಾನೇ ಬೇಯಿಸಿದ್ದೆ. ಅದಕ್ಕೇ ಒಳಗೊಂದು ಥರ್ಮಾಮೀಟರ್ ತೂಗುಹಾಕು. 85 ಡಿಗ್ರಿ ಫ್ಯಾರನ್‌ಹೀಟ್ ದಾಟುವ ಮೊದಲೇ ಎರಡೂ ತುದಿ ತೆರೆ. ಬಿಸಿಲು ಇಳಿಯುವ ಮುಂಚೆ ಮುಚ್ಚು, ಆಗಲೇ ಆ ಬಿಸಿ ಒಳಗೆ ಉಳಿಯುವುದು.

ರಾತ್ರಿಗೆ ಈ ಒಂದು ಪದರ ಪ್ಲಾಸ್ಟಿಕ್ ಜಾಸ್ತಿ ಏನೂ ಮಾಡಲ್ಲ, ಮೂರ್ನಾಲ್ಕು ಡಿಗ್ರಿ ಅಷ್ಟೇ. ಹಾಲಿನ ಗ್ಯಾಲನ್ ಕ್ಯಾನ್‌ಗಳಿಗೆ ಕಪ್ಪು ಬಣ್ಣ ಬಳಿದು, ನೀರು ತುಂಬಿ ಗಿಡಗಳ ಮಧ್ಯೆ ಇಡು. ಹಗಲು ಕಾದ ನೀರು ರಾತ್ರಿ ನಿಧಾನವಾಗಿ ಬಿಸಿ ಬಿಡುತ್ತದೆ. ತೀರಾ ಚಳಿಯಿದ್ದರೆ ಒಳಗೇ ಗಿಡದ ಮೇಲೆ ಹಳೇ ಬೆಡ್‌ಶೀಟ್ ಹೊದಿಸು. ಎಲೆ ಪ್ಲಾಸ್ಟಿಕ್‌ಗೆ ತಾಗಬಾರದು, ತಾಗಿದ ಕಡೆ ಕಪ್ಪಾಗುತ್ತದೆ.

ಒಳಗೆ ಗಾಳಿ ಆಡಲ್ಲ. ಹೂ ಬಿಟ್ಟಾಗ ಮಧ್ಯಾಹ್ನ ಗಿಡವನ್ನು ಬೆರಳಲ್ಲಿ ಮೆಲ್ಲಗೆ ತಟ್ಟು, ಪರಾಗ ಉದುರಿ ಕಾಯಿ ಕಟ್ಟಲಿ. ಆದರೆ ರಾತ್ರಿ 55 ಡಿಗ್ರಿಗಿಂತ ಕೆಳಗೆ ಇಳಿಯತೊಡಗಿದ ಮೇಲೆ ಹೊಸ ಹೂವಿನ ಆಸೆ ಬಿಡು. ಆಗ ಬಂದ ಹೂವನ್ನು ನಾನಂತೂ ಚಿವುಟಿ ಹಾಕುತ್ತೇನೆ, ಇದ್ದ ಕಾಯಿ ಹಣ್ಣಾದರೆ ಸಾಕು. ಚಪ್ಪರದಿಂದ ಶುರುವಿಗೆ ಮೇ ತಿಂಗಳಲ್ಲಿ ಎರಡು ವಾರ, ಕೊನೆಗೆ ಚಳಿ ಬಂದಾಗ ಮೂರ್ನಾಲ್ಕು ವಾರ, ಇಷ್ಟು ಹೆಚ್ಚಿಗೆ ಸಿಗುತ್ತದೆ. ನಿನ್ನ ಮಾವನ ಹಾಗೆ ಕ್ರಿಸ್‌ಮಸ್‌ವರೆಗೂ ಎಳೆಯೋಕೆ ಹೋಗಬೇಡ. ಹಿಮದ ಭಾರಕ್ಕೆ ಕಮಾನುಗಳೇ ಕುಸಿದು ಕೂತಿದ್ದವು.

ಅರ್ಧ ಕೆಂಪಾದ ಕಾಯಿ ಕಿತ್ತು ಅಡುಗೆಮನೆಯಲ್ಲಿಟ್ಟರೆ ತಾನೇ ಹಣ್ಣಾಗುತ್ತದೆ. ಪೂರ್ತಿ ಹಸಿರಿದ್ದದ್ದನ್ನು ಸೀಳಿ, ಉಪ್ಪು ಮಜ್ಜಿಗೆಯಲ್ಲಿ ನೆನೆಸು. ಗಿಡ ಕಿತ್ತ ಮೇಲೆ ಖಾಲಿ ಚಪ್ಪರದಲ್ಲೇ ತಟ್ಟೆಯಿಟ್ಟು, ತುದಿ ತೆರೆದು ಒಣಗಿಸು. ಥ್ಯಾಂಕ್ಸ್‌ಗಿವಿಂಗ್‌ಗೆ ಬರುವಾಗ ಒಂದು ಡಬ್ಬಿ ತಾ. ಉಪ್ಪು ಕಮ್ಮಿ ಹಾಕು, ಮಾವನಿಗೆ ಬಿಪಿ.

ನಿನ್ನ ಅತ್ತೆ