ಮೈಕ್ ಸೆಟ್ಟಿನ ತಮ್ಮನಿಗೆ, ಗ್ರೇಟ್‌ಫುಲ್ ಡೆಡ್ ಬಗ್ಗೆ

ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದಗಳು. ನಾವೆಲ್ಲ ಕ್ಷೇಮ. ಅಮ್ಮ, ಅಪ್ಪಯ್ಯನ ಆರೋಗ್ಯದ ಬಗ್ಗೆ ಬರೆ.

ಯಕ್ಷಗಾನ ಆಟದ ದಿನ ಭಾಗವತರ ಮೈಕು ಕುಂಯ್ ಅನ್ನುತ್ತೆ, ಗದ್ದೆಯಲ್ಲಿ ಹಿಂದೆ ಕೂತವರಿಗೆ ಮಾತು ಎರಡೆರಡು ಸಲ ಕೇಳುತ್ತೆ, ಏನು ಮಾಡೋದು ಅಂತ ಕೇಳಿದ್ದೆಯಲ್ಲ. ಈ ಎರಡು ತೊಂದರೆಗೂ ಇಲ್ಲಿನ ಒಂದು ಬ್ಯಾಂಡು ಐವತ್ತು ವರ್ಷದ ಹಿಂದೆಯೇ ತಲೆ ಕೆಡಿಸಿಕೊಂಡಿತ್ತು. ಹೆಸರು ಗ್ರೇಟ್‌ಫುಲ್ ಡೆಡ್. ಸೈಕೆಡೆಲಿಕ್ ರಾಕ್ ಅಂದರೆ ಇಲ್ಲಿಯವರಿಗೆ ಮೊದಲು ನೆನಪಾಗುವ ಹೆಸರುಗಳಲ್ಲೊಂದು. 1965ರಲ್ಲಿ ಇಲ್ಲೇ ಹತ್ತಿರದ ಪಾಲೋ ಆಲ್ಟೋದಲ್ಲಿ ಹುಟ್ಟಿ, 1995ರಲ್ಲಿ ಅವರ ಗಿಟಾರಿನ ಹಾಡುಗಾರ ಜೆರ್ರಿ ಗಾರ್ಸಿಯಾ ತೀರಿಕೊಳ್ಳುವವರೆಗೆ ಸುಮಾರು 2,300 ಕಾರ್ಯಕ್ರಮ ಕೊಟ್ಟರು. ಅಮೆರಿಕದ ಮೊದಲ ಹತ್ತರ ಪಟ್ಟಿಗೆ ಹೋದ ಹಾಡು ಒಂದೇ, ಅದೂ 1987ರಲ್ಲಿ. ನಮ್ಮ ಮೇಳಗಳ ಹಾಗೆ ತಿರುಗಾಟವೇ ಅವರ ಬದುಕು. ಒಂದು ಹಾಡನ್ನು ಅರ್ಧ ಗಂಟೆ ಬೆಳೆಸಿದ್ದೂ ಉಂಟು.

ಹೆಸರಾಂತ ಉತ್ಸವಗಳಲ್ಲಿ ಅವರು ಚೆನ್ನಾಗಿ ನುಡಿಸಿದ್ದು ಕಡಿಮೆ. 1969ರ ಆಗಸ್ಟ್ 16ರ ರಾತ್ರಿ ವುಡ್‌ಸ್ಟಾಕ್‌ನಲ್ಲಿ ಮಳೆಗೆ ವೇದಿಕೆ ನೆನೆದಿತ್ತು, ಅರ್ತಿಂಗ್ ಸರಿ ಇರಲಿಲ್ಲ. ಗಿಟಾರ್ ಹಿಡಿದು ಮೈಕ್ ಮುಟ್ಟಿದರೆ ಶಾಕ್. ತಮ್ಮ ಅತಿ ಕೆಟ್ಟ ಕಾರ್ಯಕ್ರಮಗಳಲ್ಲಿ ಅದೂ ಒಂದು ಅಂತ ಅವರೇ ಹೇಳಿಕೊಂಡಿದ್ದಾರೆ. ಮಳೆಗಾಲ ಮುಗಿಯುವ ಹೊತ್ತಿನ ಆಟಗಳಿಗೆ ನೀನು ಜನರೇಟರ್‌ನ ಅರ್ತ್ ರಾಡನ್ನು ಹಸಿ ಮಣ್ಣಿಗೆ ಆಳವಾಗಿ ಹೊಡೆದಿದ್ದೀಯಾ, ಮಿಕ್ಸರ್ ಮತ್ತು ಆಂಪ್ಲಿಫೈಯರ್ ಒಂದೇ ಅರ್ತಿಗೆ ಕೂತಿವೆಯಾ ಅಂತ ಕೈಯಾರೆ ನೋಡು.

ಈಗ ಮೈಕಿನ ವಿಷಯ. ಔಸ್ಲಿ ಸ್ಟ್ಯಾನ್ಲಿ ಎಂಬ ಅವರ ಸೌಂಡ್‌ನವನೂ ಆಲೆಂಬಿಕ್ ಎಂಬ ಸೌಂಡ್ ಕಂಪನಿಯ ರಾನ್ ವಿಕರ್‌ಶ್ಯಾಮ್‌ನಂಥವರೂ ಸೇರಿ 1974ರಲ್ಲಿ ಒಂದು ಸ್ಪೀಕರ್ ಗೋಡೆ ಕಟ್ಟಿದರು. ಸುಮಾರು ಆರುನೂರು ಸ್ಪೀಕರ್, ನಲವತ್ತಕ್ಕೂ ಹೆಚ್ಚು ಮ್ಯಾಕಿಂಟಾಷ್ ಆಂಪ್ಲಿಫೈಯರ್, 26,000 ವ್ಯಾಟ್‌ಗೂ ಮೇಲೆ. ಗಿಟಾರಿಗೆ ಒಂದು ಸಾಲು, ಪಿಯಾನೋಗೆ ಇನ್ನೊಂದು, ಹಾಡಿಗೆ ಮತ್ತೊಂದು. ಒಂದು ಸ್ಪೀಕರಿನಲ್ಲಿ ಎರಡು ವಾದ್ಯ ಬರುವ ಹಾಗೇ ಇಲ್ಲ. ಫಿಲ್ ಲೆಶ್‌ನ ಬಾಸ್ ಗಿಟಾರಿನ ನಾಲ್ಕು ತಂತಿಗೂ ಬೇರೆ ಬೇರೆ ಚಾನೆಲ್! ಸ್ಪೀಕರಿನೊಳಗೆ ಅಲುಗುವ ಒಂದೇ ಕೋನ್ ಮೇಲೆ ಬಾಸೂ ಕಂಠವೂ ಬಿದ್ದರೆ ಬಾಸ್ ಅಲುಗಿಸಿದ ಹಾಗೆಲ್ಲ ಕಂಠ ಒರಟಾಗುತ್ತೆ, ಅದನ್ನು ತಪ್ಪಿಸುವ ದಾರಿ ಇದು. ಸ್ಪೀಕರುಗಳನ್ನು ಕಂಬದ ಹಾಗೆ ಮೇಲಕ್ಕೆ ಪೇರಿಸಿದ್ದರಿಂದ ಸದ್ದು ಆಕಾಶಕ್ಕೆ ಚದುರದೆ ಜನರ ಕಡೆಗೇ ಹೋಗುತ್ತಿತ್ತು. ಈಗ ನೀನು ದೊಡ್ಡ ಕಾರ್ಯಕ್ರಮಕ್ಕೆ ಬಾಡಿಗೆ ತರುವ ಲೈನ್ ಅರೇ, ಅಂದರೆ ಸಾಲಾಗಿ ತೂಗುವ ಸ್ಪೀಕರ್, ಕೆಲಸ ಮಾಡುವುದೂ ಇದೇ ತತ್ವದ ಮೇಲೆ.

ಆ ಗೋಡೆ ಕಲಾವಿದರ ಬೆನ್ನ ಹಿಂದೆ ಇತ್ತು. ಜನರಿಗೆ ಕೇಳಿದ್ದೇ ಅವರಿಗೂ ಕೇಳಬೇಕು, ಕಲಾವಿದರ ಕಡೆಗೆ ತಿರುಗಿಸಿಡುವ ಮಾನಿಟರ್ ಸ್ಪೀಕರ್ ಬೇಡ ಅನ್ನುವ ಹಟ. ಹಾಗಾದರೆ ಮೈಕೆಲ್ಲ ಗೋಡೆಯ ಎದುರಿಗೇ ಬಂತು, ಹೌಲಿಂಗ್, ಅಂದರೆ ನೀನು ಹೇಳಿದ ಆ ಕುಂಯ್ ಸದ್ದು, ಆಗದೆ ಇರುತ್ತದೆಯೇ? ಅದಕ್ಕೆ ಪ್ರತಿ ಹಾಡುಗಾರನಿಗೂ ಒಂದರ ಕೆಳಗೊಂದು ಎರಡು ಮೈಕ್ ಕಟ್ಟಿ, ಒಂದರ ವೈರನ್ನು ಉಲ್ಟಾ ಜೋಡಿಸಿದರು. ಹಿಂದಿನ ಸದ್ದು ಎರಡಕ್ಕೂ ಸಮ ಬಿದ್ದು ಒಂದನ್ನೊಂದು ಅಳಿಸುತ್ತೆ. ಕಂಠ ಮಾತ್ರ ತುಟಿ ತಾಗಿದ ಮೇಲಿನ ಮೈಕಿಗೆ ಜೋರಾಗಿ ಬಿದ್ದು ಉಳಿಯುತ್ತೆ.

ನಿನ್ನ ಅಂಗಡಿಯಲ್ಲೇ ಮಾಡಿ ನೋಡಬಹುದು. ಒಂದೇ ಮಾಡೆಲಿನ ಎರಡು ಡೈನಮಿಕ್ ಮೈಕ್ ತೆಗೆದುಕೋ. ಒಂದರ ಕೇಬಲಿನಲ್ಲಿ, ಒಂದು ತುದಿಯಲ್ಲಿ ಮಾತ್ರ, 2 ಮತ್ತು 3ನೇ ಪಿನ್ನಿನ ವೈರ್ ಬಿಚ್ಚಿ ಅದಲು ಬದಲು ಬೆಸೆ. ತಲೆಗಳ ನಡುವೆ ಸುಮಾರು ಆರು ಸೆಂಟಿಮೀಟರ್ ಇರಲಿ. ಮಿಕ್ಸರಿನ ಈಕ್ಯೂ (ಬಾಸ್, ಟ್ರೆಬಲ್ ತಿರುಗಣೆ) ಎಲ್ಲ ಸೊನ್ನೆ. ಮೂರು ಮೀಟರ್ ದೂರದಲ್ಲಿ, ಮೈಕಿನ ಎತ್ತರಕ್ಕೇ, ಯಾರನ್ನಾದರೂ ಮಾತಾಡಿಸಿ, ದನಿ ಅತಿ ಕಡಿಮೆ ಆಗುವವರೆಗೆ ಒಂದು ಮೈಕಿನ ಗೇನ್ ಹೊಂದಿಸು. ಆಮೇಲೆ ಮೇಲಿನದಕ್ಕೆ ತುಟಿ ಹಚ್ಚಿ ಹಾಡು. ಮೈಕ್‌ಗಳ ಅಂತರ ಜಾಸ್ತಿಯಾದರೆ ತಾರದ ಸದ್ದು ಅಳಿಯುವುದಿಲ್ಲ. ಹಾಡುವವರು ಎರಡರ ನಡುವೆ ಬಾಯಿ ಇಟ್ಟರೆ ಕಂಠವೇ ಅಳಿಸಿಹೋಗುತ್ತೆ. ಸರಿಯಾಗಿ ಹಾಡಿದರೂ ದನಿ ತುಸು ತೆಳ್ಳಗಾಗುತ್ತೆ. 1974ರ ಟೇಪುಗಳಲ್ಲಿ ಅದು ಗೊತ್ತಾಗುತ್ತೆ. ತಲೆ ಆಡಿಸುತ್ತಾ ಹಾಡುವ ಭಾಗವತರಿಗೆ ಇದು ಒಗ್ಗುವುದು ಕಷ್ಟ, ಉದ್ಘೋಷಕರಿಗೆ ಒಗ್ಗೀತು.

ಗೋಡೆಯ ಸದ್ದು ಅದ್ಭುತವಾಗಿತ್ತು, ಹೊರೆಯೇ ಅದನ್ನು ಕೊಂದಿತು. ಸುಮಾರು 75 ಟನ್ ಭಾರ. ಕಟ್ಟಲು ಹೆಚ್ಚು ಹೊತ್ತು ಬೇಕಾದ್ದರಿಂದ ಎರಡು ಜೊತೆ ವೇದಿಕೆ ಇಟ್ಟುಕೊಂಡು, ಒಂದೂರಲ್ಲಿ ಆಟ ನಡೆಯುವಾಗಲೇ ಮುಂದಿನ ಊರಲ್ಲಿ ಇನ್ನೊಂದನ್ನು ಎಬ್ಬಿಸಬೇಕಿತ್ತು. ದುಡಿದದ್ದೆಲ್ಲ ಸಾಗಾಟಕ್ಕೇ ಹೋಯಿತು. ಅದೇ ಅಕ್ಟೋಬರಿನಲ್ಲಿ ತಿರುಗಾಟ ನಿಲ್ಲಿಸಿ, ಮತ್ತೆ ಪೂರ್ತಿಯಾಗಿ ಹೊರಟಿದ್ದು 1976ರಲ್ಲಿ, ಗೋಡೆ ಇಲ್ಲದೆ.

ಹಿಂದೆ ಕೂತವರ ತೊಂದರೆಗೆ ಮದ್ದು 1973ರ ಜುಲೈ 28ರಂದು ಇದೇ ಬ್ಯಾಂಡು ನುಡಿಸಿದ ವಾಟ್ಕಿನ್ಸ್ ಗ್ಲೆನ್ ಉತ್ಸವದಲ್ಲಿದೆ. ಸುಮಾರು ಆರು ಲಕ್ಷ ಜನ, ದೂರದೂರಕ್ಕೆ ಸ್ಪೀಕರ್ ಗೋಪುರ. ವೈರಿನಲ್ಲಿ ಸಿಗ್ನಲ್ ತಕ್ಷಣ ತಲುಪುತ್ತೆ, ಗಾಳಿಯಲ್ಲಿ ಸದ್ದು ಸೆಕೆಂಡಿಗೆ 345 ಮೀಟರ್ ಮಾತ್ರ. ಅದಕ್ಕೇ ಹಿಂದಿನ ಗೋಪುರಗಳಿಗೆ ಸದ್ದನ್ನು ತುಸು ತಡ ಮಾಡುವ ಡಿಜಿಟಲ್ ಡಿಲೇ ಹಾಕಿದರು. ನಿನ್ನ ಹಿಂದಿನ ಬಾಕ್ಸ್ ಮುಂದಿನದರಿಂದ 30 ಮೀಟರ್ ಇದ್ದರೆ 87 ಮಿಲಿಸೆಕೆಂಡ್ ಕೊಡು, ಮೇಲೆ 10 ಸೇರಿಸು. ಆಗ ಸದ್ದು ರಂಗಸ್ಥಳದಿಂದಲೇ ಬಂದ ಹಾಗೆ ಕೇಳುತ್ತೆ. ಅಳೆಯುವುದು ಟೇಪ್ ಹಿಡಿದು, ಹೆಜ್ಜೆ ಲೆಕ್ಕ ಬೇಡ.

ಅಪ್ಪಯ್ಯನಿಗೆ ಹೇಳು: ಅವರ ಡ್ರಮ್ಮಿನ ಮಿಕ್ಕಿ ಹಾರ್ಟ್ ತಬಲದ ಉಸ್ತಾದ್ ಅಲ್ಲಾ ರಖಾ ಅವರಿಂದ ಲಯ ಕಲಿತವನು. ಆಮೇಲೆ ಜಾಕಿರ್ ಹುಸೇನ್, ಘಟದ ವಿಕ್ಕು ವಿನಾಯಕರಾಂ ಜೊತೆಗೂ ನುಡಿಸಿದ. 1968ರಿಂದಲೇ ಬ್ಯಾಂಡಿನದು ಹನ್ನೊಂದು ಎಣಿಕೆಯ ಹಾಡೊಂದಿದೆ, 3+3+3+2. ಮದ್ದಳೆಯಲ್ಲಿ ಕೂರಿಸಿ ನೋಡಲಿ.

ಪಿನ್ ಬದಲಿಸಿದ ಕೇಬಲಿಗೆ ಎರಡೂ ತುದಿಯಲ್ಲಿ ಕೆಂಪು ಟೇಪ್ ಸುತ್ತಿ ಬೇರೆ ಚೀಲದಲ್ಲಿಡು. ಅದು ತಪ್ಪಿ ಮದ್ದಳೆಯ ಎರಡು ಮೈಕಿನಲ್ಲಿ ಒಂದಕ್ಕೆ ಸೇರಿಕೊಂಡರೆ ಎಡದ ಗುಂಯ್ ಕಾರವೇ ಮಾಯವಾಗುತ್ತೆ, ಬೆಳಗಿನವರೆಗೂ ಕಾರಣ ಸಿಗುವುದಿಲ್ಲ.

ನಿನ್ನ ಅಕ್ಕ